ಒಂದು ಹೆಸರು ಹಿಡಿದು ಹೊರಡಿ: ಯುದ್ಧ ಸ್ಮಾರಕಗಳಿಗೆ ಭೇಟಿ ಕೊಡುವವರಿಗೆ ಸಮಗ್ರ ಮಾರ್ಗದರ್ಶಿ

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಬರುವವರಲ್ಲಿ ಹೆಚ್ಚಿನವರು ಜ್ಯೋತಿಯ ಮುಂದೆ ಒಂದು ಫೋಟೊ, ಗೋಡೆಯ ಮುಂದೆ ಇನ್ನೊಂದು ಫೋಟೊ ತೆಗೆಸಿಕೊಂಡು ಇಂಡಿಯಾ ಗೇಟ್ ಕಡೆ ಹೊರಟುಬಿಡುತ್ತಾರೆ. ಅದು ತಪ್ಪೇನಲ್ಲ. ಆದರೆ ಕೆಲವರು ಬೇರೆ ಥರ ಬರುತ್ತಾರೆ. ಗೋಡೆಯ ಹತ್ತಿರ ಹೋಗಿ ಸಾಲು ಸಾಲಾಗಿ ಓದುತ್ತಾ ಹೋಗುತ್ತಾರೆ, ಒಂದು ಇಟ್ಟಿಗೆಯ ಮುಂದೆ ನಿಂತುಬಿಡುತ್ತಾರೆ. ಹುಡುಕಿಕೊಂಡು ಬಂದ ಹೆಸರು ಸಿಕ್ಕಿರುತ್ತದೆ.

ಈ ಮಾರ್ಗದರ್ಶಿ ಎರಡನೇ ಥರದ ಭೇಟಿಗಾಗಿ. ಸ್ಮಾರಕಕ್ಕೆ ಹೋಗುವ ಮೊದಲು ಒಂದೇ ಒಂದು ಹೆಸರು ಆರಿಸಿಕೊಳ್ಳಿ ಅನ್ನುವುದು ನನ್ನ ಮುಖ್ಯ ಮಾತು. ಊರು, ದಿನ, ಟಿಕೆಟ್, ಹೋಟೆಲ್ ಎಲ್ಲಾ ಆಮೇಲೆ. ಹೆಸರು ಇಟ್ಟುಕೊಂಡು ಹೋದವರಿಗೆ ಅಲ್ಲಿ ಏನು ಮಾಡಬೇಕು ಅಂತ ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ.

ಮೊದಲ ಹಂತ: ಹೆಸರು ಹುಡುಕುವುದು

ಮನೆಯಿಂದಲೇ ಶುರು ಮಾಡಿ. ಅಜ್ಜ, ದೊಡ್ಡಪ್ಪ, ಸೋದರಮಾವ ಯಾರಾದರೂ ಮಿಲಿಟರಿಯಲ್ಲಿ ಇದ್ದರಾ? ಇದ್ದರೆ ಅವರ ಯೂನಿಟ್ ಯಾವುದು ಅಂತ ತಿಳಿದುಕೊಳ್ಳಿ. 'ಆರ್ಮಿಯಲ್ಲಿ ಇದ್ದರು' ಅಂದರೆ ಸಾಲದು. ಮದ್ರಾಸ್ ರೆಜಿಮೆಂಟಾ, ಮರಾಠಾ ಲೈಟ್ ಇನ್‌ಫೆಂಟ್ರಿಯಾ, ಎಂಇಜಿಯಾ (ಮದ್ರಾಸ್ ಎಂಜಿನಿಯರ್ ಗ್ರೂಪ್), ಸಿಗ್ನಲ್ಸಾ, ಇಎಂಇಯಾ (ಸೇನೆಯ ಯಂತ್ರ, ವಾಹನ ರಿಪೇರಿ ವಿಭಾಗ)? ಎಷ್ಟನೇ ಬೆಟಾಲಿಯನ್? ಇದೆಲ್ಲ ಡಿಸ್ಚಾರ್ಜ್ ಬುಕ್ಕಿನಲ್ಲಿ ಇರುತ್ತದೆ, ಪಿಂಚಣಿ ಕಾಗದದಲ್ಲೂ ಸಿಗುತ್ತದೆ. ಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ಸೈನಿಕರ ನಂಬರು, ಹೆಸರು ಕೆತ್ತಿರುತ್ತಾರೆ. ಟ್ರಂಕಿನ ತಳದಲ್ಲಿ ಬಿದ್ದಿರುವ ಪದಕವನ್ನು ಒಮ್ಮೆ ತೆಗೆದು, ಬೆಳಕಿಗೆ ಹಿಡಿದು ನೋಡಿ.

ಮನೆಯಲ್ಲಿ ಯಾರೂ ಇಲ್ಲದಿದ್ದರೆ ಊರಿನವರನ್ನು ಕೇಳಿ. ಕರ್ನಾಟಕದಲ್ಲಿ ಕೊಡಗು, ಬೆಳಗಾವಿ, ಧಾರವಾಡದ ಕಡೆ ಸೈನ್ಯಕ್ಕೆ ಸೇರಿದವರು ಬಹಳ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಯಾರು ಮರೆತಿದ್ದಾರೆ? 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮಕುಸಿತವಾಗಿ ಆರು ದಿನ ಹಿಮದಡಿ ಇದ್ದು, ಜೀವಂತ ಹೊರಬಂದು, ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು 19 ಮದ್ರಾಸ್ ಬೆಟಾಲಿಯನ್‌ನವರು. ಪತ್ರಿಕೆಗಳಲ್ಲಿ ಇಷ್ಟು ಸುದ್ದಿಯಾಗದ ಹೆಸರುಗಳು ಪ್ರತಿ ತಾಲ್ಲೂಕಿನಲ್ಲೂ ಇರುತ್ತವೆ. ಜಿಲ್ಲಾ ಕೇಂದ್ರದಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಒಮ್ಮೆ ಹೋಗಿ ವಿಚಾರಿಸಿ.

ಸ್ವಾತಂತ್ರ್ಯದ ನಂತರ ಪ್ರಾಣ ಕೊಟ್ಟ ಸೈನಿಕರ ಹೆಸರನ್ನು ರಾಷ್ಟ್ರೀಯ ಯುದ್ಧ ಸ್ಮಾರಕದ ವೆಬ್‌ಸೈಟಿನಲ್ಲೇ ಹುಡುಕಬಹುದು. ಎರಡು ಮಹಾಯುದ್ಧಗಳಲ್ಲಿ ಸತ್ತ ಭಾರತೀಯ ಸೈನಿಕರ ಹೆಸರು ಬೇಕಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಸಂಸ್ಥೆಯ ವೆಬ್‌ಸೈಟ್ ನೋಡಿ. 1917ರಲ್ಲಿ ಶುರುವಾದ ಈ ಸಂಸ್ಥೆ ಸುಮಾರು 17 ಲಕ್ಷ ಜನರ ನೆನಪನ್ನು ಕಾಯುತ್ತಿದೆ. ಒಂದು ಎಚ್ಚರಿಕೆ: ಬ್ರಿಟಿಷ್ ಗುಮಾಸ್ತರು ನಮ್ಮ ಹೆಸರುಗಳನ್ನು ತಮಗೆ ಕೇಳಿಸಿದ ಹಾಗೆ ಬರೆದುಕೊಂಡಿದ್ದಾರೆ. ಆದ್ದರಿಂದ ಮೂರು ನಾಲ್ಕು ಕಾಗುಣಿತದಲ್ಲಿ ಹುಡುಕಿ. ಹೆಸರಿನಿಂದ ಸಿಗದಿದ್ದರೆ ರೆಜಿಮೆಂಟಿನಿಂದ ಹುಡುಕಿ.

ಯಾರೂ ಸಿಗಲಿಲ್ಲವೆಂದರೆ? ನಿಮಗೆ ಸಂಬಂಧವಿಲ್ಲದ ಒಬ್ಬರನ್ನು ಆರಿಸಿಕೊಳ್ಳಿ. ಆದರೆ ಎಲ್ಲರಿಗೂ ಗೊತ್ತಿರುವ ಹೆಸರನ್ನೇ ಆರಿಸಬೇಕಿಲ್ಲ. ಕಾರ್ಗಿಲ್ ಯುದ್ಧದ ಕ್ಯಾಪ್ಟನ್ ವಿಕ್ರಂ ಬಾತ್ರಾ ಅವರನ್ನು ನೆನೆಯಲು ಲಕ್ಷಾಂತರ ಜನ ಇದ್ದಾರೆ. ಅದೇ ಗೋಡೆಯ ಮೇಲೆ ಪಕ್ಕದಲ್ಲೇ ಇರುವ ಸಿಪಾಯಿಯನ್ನು ಕೇಳಿಕೊಂಡು ಬರುವವರು ಜಾಸ್ತಿ ಇರುವುದಿಲ್ಲ.

ಎರಡನೇ ಹಂತ: ಜಾಗ ಆರಿಸುವುದು

ಸ್ಮಾರಕಗಳಲ್ಲಿ ಹಲವು ಬಗೆ. ಕೆಲವು ಕಡೆ ಹೆಸರುಗಳಿವೆ, ಕೆಲವು ಕಡೆ ಯುದ್ಧ ನಡೆದ ನೆಲವೇ ಇದೆ, ಕೆಲವು ಕಡೆ ಸಮಾಧಿಗಳಿವೆ, ಇನ್ನು ಕೆಲವು ಕಡೆ ಹಡಗೋ ಟ್ಯಾಂಕೋ ಇದೆ. ನೀವು ಆರಿಸಿದ ಹೆಸರು ಯಾವುದಕ್ಕೆ ಸೇರುತ್ತದೋ ಅಲ್ಲಿಗೆ ಹೋಗಿ.

*ದೆಹಲಿ.* ಎಲ್ಲಿಂದ ಶುರು ಮಾಡಬೇಕು ಗೊತ್ತಾಗದಿದ್ದರೆ ಇಲ್ಲಿಂದಲೇ ಮಾಡಿ. ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾಗಿದ್ದು 2019ರ ಫೆಬ್ರುವರಿ 25ರಂದು. ಒಂದರೊಳಗೊಂದು ನಾಲ್ಕು ಚಕ್ರಗಳ ಹಾಗೆ ಕಟ್ಟಿದ್ದಾರೆ. ನಡುವೆ ಅಮರ ಚಕ್ರ, ಅಲ್ಲಿ ಕಂಬ ಮತ್ತು ಜ್ಯೋತಿ. ಆಚೆಗೆ ವೀರತಾ ಚಕ್ರ, ಅಲ್ಲಿ ಆರು ಕಂಚಿನ ಚಿತ್ರಫಲಕಗಳಿವೆ. ಅದರಾಚೆ ತ್ಯಾಗ ಚಕ್ರ. ಹೆಸರುಗಳಿರುವುದು ಇಲ್ಲಿಯೇ, ಗ್ರಾನೈಟ್ ಇಟ್ಟಿಗೆಗಳ ಮೇಲೆ, 25 ಸಾವಿರಕ್ಕೂ ಹೆಚ್ಚು. ಹೊರಗಿನ ರಕ್ಷಕ ಚಕ್ರದಲ್ಲಿ ಮರಗಳ ಸಾಲು. ಬಹಳ ಜನ ಜ್ಯೋತಿಯವರೆಗೆ ನೇರ ನಡೆದು ವಾಪಸ್ ಬರುತ್ತಾರೆ. ನೀವು ತ್ಯಾಗ ಚಕ್ರದಲ್ಲಿ ಜಾಸ್ತಿ ಹೊತ್ತು ಇರಿ. ಹೆಸರು ಎಲ್ಲಿದೆ ಅಂತ ತೋರಿಸುವ ಡಿಜಿಟಲ್ ಪರದೆಗಳು ಅಲ್ಲೇ ಇವೆ. ಪಕ್ಕದ ಪರಮ ಯೋಧಾ ಸ್ಥಳದಲ್ಲಿ ಪರಮವೀರ ಚಕ್ರ ಪಡೆದ 21 ಜನರ ಪ್ರತಿಮೆಗಳಿವೆ. ಪ್ರವೇಶಕ್ಕೆ ದುಡ್ಡಿಲ್ಲ. ಸಂಜೆ ಹೊತ್ತಿಗೆ ಹುತಾತ್ಮರೊಬ್ಬರ ಕುಟುಂಬದವರು ಬಂದು ಪುಷ್ಪಚಕ್ರ ಇಡುವ ಕಾರ್ಯಕ್ರಮ ಇರುತ್ತದೆ. ಹೋದರೆ ಆ ಹೊತ್ತಿಗೆ ಅಲ್ಲಿರುವ ಹಾಗೆ ನೋಡಿಕೊಳ್ಳಿ.

ಹತ್ತಿರದ ಇಂಡಿಯಾ ಗೇಟ್ ಕೂಡ ಯುದ್ಧ ಸ್ಮಾರಕವೇ ಅನ್ನುವುದು ಎಷ್ಟೋ ಜನರ ತಲೆಯಲ್ಲೇ ಇರುವುದಿಲ್ಲ. 1931ರಲ್ಲಿ ಉದ್ಘಾಟನೆಯಾದ, 42 ಮೀಟರ್ ಎತ್ತರದ ಆ ಕಟ್ಟಡದ ಮೈಮೇಲೆ 13 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಮೊದಲ ಮಹಾಯುದ್ಧ ಮತ್ತು ಅದರ ನಂತರದ ಆಫ್ಘನ್ ಯುದ್ಧದಲ್ಲಿ ಸತ್ತವರ ಹೆಸರುಗಳು ಅವು. ಕಮಾನಿನ ಕೆಳಗೆ 1972ರಿಂದ ಉರಿಯುತ್ತಿದ್ದ ಅಮರ್ ಜವಾನ್ ಜ್ಯೋತಿಯನ್ನು 2022ರ ಜನವರಿ 21ರಂದು ಹೊಸ ಸ್ಮಾರಕದ ಜ್ಯೋತಿಯ ಜೊತೆ ಸೇರಿಸಿದರು.

ಕನ್ನಡಿಗರು ದೆಹಲಿಯಲ್ಲಿ ಇನ್ನೊಂದು ಜಾಗ ನೋಡಲೇಬೇಕು, ತೀನ್ ಮೂರ್ತಿ ವೃತ್ತ. ಅಲ್ಲಿ ನಿಂತಿರುವ ಮೂರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಇನ್ನಿಬ್ಬರು ಜೋಧಪುರ, ಹೈದರಾಬಾದಿನವರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರಿನ ಮೇಲೆ ಕುದುರೆ ಸವಾರರು ಈಟಿ ಹಿಡಿದು ನುಗ್ಗಿದರು. ಮೊದಲ ಮಹಾಯುದ್ಧದ ಕಾಲ, ಎದುರಿಗೆ ತುರ್ಕಿ ಸೈನ್ಯದ ಮೆಷಿನ್ ಗನ್ನುಗಳಿದ್ದವು. ಜೋಧಪುರದವರು ಊರಿನ ಕಡೆ ನುಗ್ಗಿದರೆ, ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನವರು ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳತ್ತ ಹತ್ತಿದರು. ಮೈಸೂರು ಲ್ಯಾನ್ಸರ್ಸ್ ನೆನಪಿಗೆ ಬೆಂಗಳೂರಿನ ಜೆ.ಸಿ. ನಗರದಲ್ಲೂ ಒಂದು ಸ್ಮಾರಕವಿದೆ. ಅಲ್ಲೇ ಸುತ್ತಮುತ್ತ ಓಡಾಡುವ ಎಷ್ಟು ಜನ ಅದನ್ನು ನಿಂತು ಓದಿದ್ದಾರೋ!

*ದ್ರಾಸ್.* ಯುದ್ಧಭೂಮಿಯನ್ನೇ ನೋಡಬೇಕು ಅಂದರೆ ಕಾರ್ಗಿಲ್ ಯುದ್ಧ ಸ್ಮಾರಕದಷ್ಟು ಸ್ಪಷ್ಟವಾಗಿ ಅರ್ಥವಾಗುವ ಜಾಗ ದೇಶದಲ್ಲಿ ಕಡಿಮೆ. ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ, ತೋಲೋಲಿಂಗ್ ಬೆಟ್ಟದ ಬುಡದಲ್ಲಿದೆ. ಅಂಗಳದಲ್ಲಿ ನಿಂತು ತಲೆ ಎತ್ತಿದರೆ ಬೆಟ್ಟ ಎದುರಿಗೇ. ಮೇಲೆ ಕೂತವರಿಗೆ ಕೆಳಗಿನ ರಸ್ತೆಯಲ್ಲಿ ಹೋಗುವ ಪ್ರತಿ ಲಾರಿಯೂ ಕಾಣುತ್ತದೆ ಅನ್ನುವುದು ಅಲ್ಲಿ ನಿಂತಾಗ ತಾನಾಗಿಯೇ ತಿಳಿಯುತ್ತದೆ. 1999ರಲ್ಲಿ ಆ ಬೆಟ್ಟಗಳನ್ನು ಯಾಕೆ ಒಂದೊಂದಾಗಿ ಹತ್ತಿ ಗೆಲ್ಲಬೇಕಾಯಿತು ಅಂತ ಮಕ್ಕಳಿಗೆ ಬೇರೆ ಪಾಠ ಮಾಡಬೇಕಿಲ್ಲ. ತೋಲೋಲಿಂಗ್ ಜೂನ್ 13ಕ್ಕೆ, ಟೈಗರ್ ಹಿಲ್ ಜುಲೈ 4ಕ್ಕೆ ಕೈಗೆ ಬಂತು. ಸತ್ತ ನಮ್ಮ ಸೈನಿಕರು 527 ಜನ. ಅವರ ಹೆಸರುಗಳಿರುವ ಗೋಡೆ ಇಲ್ಲೂ ಇದೆ. ಒಳಗಿನ ಗ್ಯಾಲರಿಗೆ ಕ್ಯಾಪ್ಟನ್ ಮನೋಜ್ ಪಾಂಡೆ ಅವರ ಹೆಸರಿಟ್ಟಿದ್ದಾರೆ.

ಲೇಹ್ ಟೂರಿನ ದಾರಿಯಲ್ಲಿ ಇಪ್ಪತ್ತು ನಿಮಿಷ ಇಳಿಸಿ ಹತ್ತಿಸುವ ಪ್ಯಾಕೇಜುಗಳೇ ಜಾಸ್ತಿ. ಅದಕ್ಕೆ ಒಪ್ಪಬೇಡಿ. ದ್ರಾಸ್‌ನಲ್ಲೋ, ಸುಮಾರು 60 ಕಿಲೋಮೀಟರ್ ದೂರದ ಕಾರ್ಗಿಲ್ ಪಟ್ಟಣದಲ್ಲೋ ಒಂದು ರಾತ್ರಿ ಉಳಿಯಿರಿ.

*ರೆಜಾಂಗ್ ಲಾ.* ಲಡಾಖಿನ ಗಡಿಯ ಒಂದು ಕಣಿವೆ ದಾರಿ ಇದು. ಚೀನಾ ಜೊತೆಗಿನ ಯುದ್ಧ, 1962ರ ನವೆಂಬರ್ 18. ಮೇಜರ್ ಶೈತಾನ್ ಸಿಂಗ್ ಮತ್ತು 13 ಕುಮಾಂವ್ ಬೆಟಾಲಿಯನ್ನಿನ ಚಾರ್ಲಿ ಕಂಪನಿಯ ಸುಮಾರು 120 ಜನ ಚುಶೂಲ್ ಕಾಯುತ್ತಿದ್ದರು. 114 ಜನ ಅಲ್ಲೇ ಸತ್ತರು. ಚಳಿಗಾಲ ಕಳೆಯುವ ಹೊತ್ತಿಗೆ ಹೋಗಿ ನೋಡಿದಾಗ ಎಷ್ಟೋ ದೇಹಗಳು ಬಂದೂಕು ಹಿಡಿದ ಭಂಗಿಯಲ್ಲೇ ಹೆಪ್ಪುಗಟ್ಟಿದ್ದವು. ಚುಶೂಲ್‌ನ ಸ್ಮಾರಕವನ್ನು ನವೀಕರಿಸಿ 2021ರ ನವೆಂಬರ್ 18ರಂದು ಮತ್ತೆ ತೆರೆದರು. ಆದರೆ ಊರು 4,300 ಮೀಟರ್‌ಗಿಂತ ಎತ್ತರದಲ್ಲಿದೆ, ವಯಸ್ಸಾದವರನ್ನು ಕರೆದುಕೊಂಡು ಹೋಗುವ ಜಾಗವಲ್ಲ. ಆ ಕಂಪನಿಯ ಬಹುಪಾಲು ಜನ ಹರಿಯಾಣದ ರೇವಾಡಿ ಕಡೆಯವರು. ರೇವಾಡಿಯಲ್ಲೂ ಅವರ ಸ್ಮಾರಕವಿದೆ, ದೆಹಲಿಯಿಂದ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಯುದ್ಧ ನಡೆದ ಜಾಗಕ್ಕೆ ಹೋಗಲಾಗದಿದ್ದರೆ ಸೈನಿಕರು ಹುಟ್ಟಿದ ಊರಿಗೆ ಹೋಗಿ. ನನ್ನ ಮಟ್ಟಿಗೆ ಅದೇನೂ ಕಡಿಮೆ ಭೇಟಿಯಲ್ಲ.

*ಕೊಹಿಮಾ.* ಸಮಾಧಿಗಳ ಜಾಗ ನೋಡಬೇಕಿದ್ದರೆ ನಾಗಾಲ್ಯಾಂಡಿನ ಕೊಹಿಮಾಗೆ ಹೋಗಿ. 1944ರಲ್ಲಿ ಜಪಾನೀಯರನ್ನು ತಡೆದ ಯುದ್ಧ ಇಲ್ಲಿ ಎಷ್ಟು ಹತ್ತಿರದಿಂದ ನಡೆಯಿತೆಂದರೆ, ಬ್ರಿಟಿಷ್ ಅಧಿಕಾರಿಯ ಬಂಗಲೆಯ ಟೆನಿಸ್ ಅಂಕಣದ ಆಚೆ ಅವರು, ಈಚೆ ಇವರು. ಆ ಅಂಕಣದ ಗೆರೆಗಳನ್ನು ಸ್ಮಶಾನದ ನಡುವೆ ಈಗಲೂ ಉಳಿಸಿಕೊಂಡಿದ್ದಾರೆ. ಇಲ್ಲಿ 1,420 ಸಮಾಧಿಗಳಿವೆ. ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು. ಹಿಂದೂ ಮತ್ತು ಸಿಖ್ ಸೈನಿಕರನ್ನು ಸುಟ್ಟಿದ್ದರಿಂದ ಅವರಿಗೆ ಸಮಾಧಿಯಿಲ್ಲ. ಅಂಥ 917 ಜನರ ಹೆಸರು ಎಲ್ಲಕ್ಕಿಂತ ಮೇಲಿನ ಹಂತದಲ್ಲಿ ಬೇರೆಯಾಗಿ ಕಟ್ಟಿದ ಸ್ಮಾರಕದ ಮೇಲಿದೆ. ಕೆಳಗಿನ ಸಾಲುಗಳನ್ನಷ್ಟೇ ನೋಡಿ ವಾಪಸ್ ಬಂದರೆ ನಮ್ಮವರನ್ನೇ ನೋಡದೆ ಬಂದ ಹಾಗಾಗುತ್ತದೆ. ಮೆಟ್ಟಿಲು ಹತ್ತಿ.

ಅದೇ ಯುದ್ಧದಲ್ಲಿ ಎದುರು ಪಾಳಯದಲ್ಲೂ ಭಾರತೀಯರಿದ್ದರು, ನೇತಾಜಿಯ ಆಜಾದ್ ಹಿಂದ್ ಫೌಜ್‌ನವರು (ಐಎನ್‌ಎ). 1944ರ ಏಪ್ರಿಲ್ 14ರಂದು ಅವರು ಬಾವುಟ ಹಾರಿಸಿದ ಮಣಿಪುರದ ಮೊಯಿರಾಂಗ್‌ನಲ್ಲಿ ಐಎನ್‌ಎ ಸ್ಮಾರಕವಿದೆ. ಇಂಫಾಲದಲ್ಲಿ ಬ್ರಿಟಿಷ್ ಪರ ಹೋರಾಡಿದ ಭಾರತೀಯ ಸೈನಿಕರ ಸ್ಮಶಾನವಿದೆ. ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಿ. ಯಾರು ಸರಿ ಅಂತ ಅಲ್ಲೇ ತೀರ್ಪು ಕೊಡುವ ಅವಸರ ಬೇಡ.

*ಇನ್ನಷ್ಟು.* ಜೈಸಲ್ಮೇರ್‌ನಿಂದ ಸುಮಾರು 120 ಕಿಲೋಮೀಟರ್ ದೂರದ ಲೋಂಗೇವಾಲಾದಲ್ಲಿ 1971ರ ಡಿಸೆಂಬರ್ 4-5ರ ರಾತ್ರಿ ಸಿಕ್ಕಿಬಿದ್ದ ಪಾಕಿಸ್ತಾನಿ ಟ್ಯಾಂಕುಗಳನ್ನು ಇಟ್ಟಿದ್ದಾರೆ. ದಿಯುವಿನಲ್ಲಿ ಐಎನ್‌ಎಸ್ ಖುಕ್ರಿ ಸ್ಮಾರಕವಿದೆ. 1971ರ ಡಿಸೆಂಬರ್ 9ರಂದು ಮುಳುಗಿದ ಆ ಹಡಗಿನ ಜೊತೆ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ಹೋದರು. ಅರುಣಾಚಲದ ತವಾಂಗ್ ದಾರಿಯಲ್ಲಿ ಜಸ್ವಂತ್‌ಗಢ ಸಿಗುತ್ತದೆ. 1962ರಲ್ಲಿ ಸತ್ತ ರೈಫಲ್‌ಮನ್ ಜಸ್ವಂತ್ ಸಿಂಗ್ ರಾವತ್ ಇನ್ನೂ ಡ್ಯೂಟಿಯಲ್ಲಿದ್ದಾರೆ ಎಂಬ ನಂಬಿಕೆಯಿಂದ ಸೈನಿಕರು ಅವರ ಹಾಸಿಗೆ ಹಾಸುತ್ತಾರೆ, ಚಹಾ ಇಡುತ್ತಾರೆ. ಯುದ್ಧ ನಡೆದ ಗಡಿ ಜಾಗಗಳಿಗೆ ಜನರನ್ನು ಕರೆಯಲು 2025ರ ಜನವರಿಯಲ್ಲಿ 'ಭಾರತ ರಣಭೂಮಿ ದರ್ಶನ' ಎಂಬ ಸರ್ಕಾರಿ ವೆಬ್‌ಸೈಟ್ ಬಂದಿದೆ. ಹೊರಡುವ ಮೊದಲು ಅಲ್ಲೊಮ್ಮೆ ಕಣ್ಣಾಡಿಸಿ.

*ನಮ್ಮಲ್ಲೇ.* ಮಡಿಕೇರಿಯಲ್ಲಿ ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಮನೆ 'ಸನ್ನಿಸೈಡ್' 2021ರ ಫೆಬ್ರುವರಿಯಿಂದ ವಸ್ತುಸಂಗ್ರಹಾಲಯವಾಗಿದೆ. ಅದೇ ಊರಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಪ್ರತಿಮೆ ಇದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಅವರು ವಾಪಸ್ ಬರಲಿಲ್ಲ. ತಮಗಿಂತ ವೇಗದ ವಿಮಾನವೊಂದನ್ನು ಅವರು ಹೊಡೆದುರುಳಿಸಿದ್ದು ಹೊರಬಂದಿದ್ದು ಎಷ್ಟೋ ವರ್ಷದ ಮೇಲೆ. ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ಇದೆ, ಒಳಗೆ ಇಳಿದು ನೋಡಬಹುದು. ಬೆಂಗಳೂರಿನ ನೆಹರು ತಾರಾಲಯದ ಹತ್ತಿರ ರಾಷ್ಟ್ರೀಯ ಸೈನಿಕ ಸ್ಮಾರಕವಿದೆ, ಅಲ್ಲಿ ಒಂದೇ ಕಲ್ಲಿನ ದೊಡ್ಡ ವೀರಗಲ್ಲು ನಿಲ್ಲಿಸಿದ್ದಾರೆ. ಬ್ರಿಗೇಡ್ ರಸ್ತೆ ಮತ್ತು ರೆಸಿಡೆನ್ಸಿ ರಸ್ತೆ ಸೇರುವ ಕಡೆ ಮೊದಲ ಮಹಾಯುದ್ಧದ ಸ್ಮಾರಕವೊಂದಿದೆ. ಸಿಗ್ನಲ್ಲಿನಲ್ಲಿ ಕಾಯುವವರು ಅದನ್ನು ದಿನಾ ನೋಡುತ್ತಾರೆ, ಯಾರ ನೆನಪಿಗೆ ಅಂತ ಮಾತ್ರ ಕೇಳುವುದಿಲ್ಲ.

ಮೂರನೇ ಹಂತ: ಯಾವಾಗ ಹೋಗಬೇಕು

ಕೆಲವು ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಜನವರಿ 15 ಸೇನಾ ದಿನ. 1949ರಲ್ಲಿ ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪ ಸೇನೆಯ ಮೊದಲ ಭಾರತೀಯ ದಂಡನಾಯಕರಾದ ದಿನ ಅದು. ಅದರ ಹಿಂದಿನ ದಿನ, ಜನವರಿ 14, ಅವರು 1953ರಲ್ಲಿ ನಿವೃತ್ತರಾದ ದಿನ. ಅದನ್ನೇ ಮಾಜಿ ಸೈನಿಕರ ದಿನವಾಗಿ ಆಚರಿಸುತ್ತಾರೆ. ಜುಲೈ 26 ಕಾರ್ಗಿಲ್ ವಿಜಯ ದಿವಸ, ಅಕ್ಟೋಬರ್ 8 ವಾಯುಪಡೆ ದಿನ, ಡಿಸೆಂಬರ್ 4 ನೌಕಾಪಡೆ ದಿನ, ಡಿಸೆಂಬರ್ 7 ಧ್ವಜ ದಿನ, ಡಿಸೆಂಬರ್ 16 ಬಾಂಗ್ಲಾ ಯುದ್ಧ ಗೆದ್ದ ವಿಜಯ ದಿವಸ.

ಆದರೆ ಒಂದು ಮಾತು. ಇಂಥ ದಿನಗಳಲ್ಲಿ ದೊಡ್ಡ ಸ್ಮಾರಕಗಳಲ್ಲಿ ಗಣ್ಯರು, ಟಿವಿಯವರು, ಭದ್ರತೆ ಎಲ್ಲಾ ಇರುತ್ತದೆ. ನಿಮ್ಮನ್ನು ಹಗ್ಗದ ಆಚೆ ನಿಲ್ಲಿಸುತ್ತಾರೆ. ಸಮಾರಂಭ ನೋಡಬೇಕಿದ್ದರೆ ಆ ದಿನ ಹೋಗಿ, ಹೆಸರು ಓದಬೇಕಿದ್ದರೆ ಬೇರೆ ದಿನ ಹೋಗಿ. ನನ್ನನ್ನು ಕೇಳಿದರೆ, ನೀವು ಆರಿಸಿದ ಸೈನಿಕರು ತೀರಿಕೊಂಡ ತಾರೀಖೇ ಎಲ್ಲಕ್ಕಿಂತ ಒಳ್ಳೆಯದು.

ನಾಲ್ಕನೇ ಹಂತ: ಪರವಾನಗಿ, ಎತ್ತರ, ಹವೆ

ನಾಗಾಲ್ಯಾಂಡ್, ಮಣಿಪುರ, ಅರುಣಾಚಲಕ್ಕೆ ಹೋಗಲು ನಾವೂ ಇನ್ನರ್ ಲೈನ್ ಪರ್ಮಿಟ್ ಮಾಡಿಸಬೇಕು. ಲಡಾಖಿನ ಗಡಿ ಭಾಗಗಳ ನಿಯಮಗಳು ಆಗಾಗ ಬದಲಾಗುತ್ತವೆ. ಟಿಕೆಟ್ ಮಾಡಿಸುವ ಮೊದಲೇ ಆಯಾ ಆಡಳಿತದ ವೆಬ್‌ಸೈಟ್ ನೋಡಿ. ಗುರುತಿನ ಚೀಟಿಯ ಅಸಲು ಪ್ರತಿ ಜೊತೆಗಿರಲಿ, ಜೆರಾಕ್ಸ್ ಕೂಡ ಇಟ್ಟುಕೊಳ್ಳಿ.

ಎತ್ತರದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವಿಮಾನದಲ್ಲಿ ಹೋಗಿ ಇಳಿದವರು ಮೊದಲ ಎರಡು ದಿನ ಸುಮ್ನೆ ವಿಶ್ರಾಂತಿ ತೆಗೆದುಕೊಳ್ಳಬೇಕು. ದ್ರಾಸ್ ಅದಕ್ಕಿಂತ ಸ್ವಲ್ಪ ಕೆಳಗೆ, ಸುಮಾರು 3,200 ಮೀಟರ್. ಹಿರಿಯರ ಜೊತೆ ಹೋಗುವುದಾದರೆ ಲೇಹ್‌ಗೆ ಹಾರುವ ಬದಲು ಶ್ರೀನಗರದಿಂದ ರಸ್ತೆಯಲ್ಲಿ ಹೋಗುವುದು ವಾಸಿ. ಸೋನಮಾರ್ಗ್‌ನಲ್ಲಿ ಒಂದು ರಾತ್ರಿ ಉಳಿದರೆ ಮೈ ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ಹೃದಯ, ಶ್ವಾಸಕೋಶ, ಬಿಪಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹೊರಡಬಾರದು. ತಲೆನೋವು, ವಾಂತಿ, ಉಸಿರಾಟದ ಕಷ್ಟ ಶುರುವಾದರೆ ಮೇಲೆ ಹೋಗಬೇಡಿ, ಕೆಳಗಿಳಿಯಿರಿ. 'ನಾನು ಸಿಯಾಚಿನ್ ನೋಡಿದವನು, ನನಗೇನಾಗುತ್ತೆ?' ಅಂತ ಮಾಜಿ ಸೈನಿಕರೇ ಹಟ ಮಾಡುತ್ತಾರೆ. ಅವರ ಮಾತು ಆಗ ಮಾತ್ರ ಕೇಳಬೇಡಿ.

ಚಳಿಗಾಲದಲ್ಲಿ ಹಿಮ ಬಿದ್ದು ಜೋಜಿ ಲಾ ಕಣಿವೆ ದಾರಿ ಮುಚ್ಚುತ್ತದೆ. ದ್ರಾಸ್‌ಗೆ ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯದು. ಲೋಂಗೇವಾಲಾಗೆ ಇದಕ್ಕೆ ಉಲ್ಟಾ, ನವೆಂಬರ್‌ನಿಂದ ಫೆಬ್ರುವರಿ.

ಐದನೇ ಹಂತ: ಮಾಜಿ ಸೈನಿಕರನ್ನು ಜೊತೆಗೆ ಕರೆದುಕೊಂಡು ಹೋಗುವುದು

ಇಡೀ ಮಾರ್ಗದರ್ಶಿಯಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಇದೇ. ಕಲ್ಲಿನ ಮೇಲಿರುವವರನ್ನು ನೆನೆಯಲು ಸಾವಿರ ಮೈಲಿ ಹೋಗುತ್ತೇವೆ, ಪಕ್ಕದ ಬೀದಿಯ ಸುಬೇದಾರ್ ಸಾಹೇಬರನ್ನು ಮಾತಾಡಿಸುವುದಿಲ್ಲ. 1971ರಲ್ಲಿ 20 ವರ್ಷದ ಹುಡುಗರಾಗಿದ್ದವರಿಗೆ ಈಗ 70 ದಾಟಿ ಎಷ್ಟೋ ಆಯಿತು. ಅವರ ಜೊತೆ ಹೋಗಬೇಕಿದ್ದರೆ ಮುಂದಿನ ವರ್ಷ ನೋಡೋಣ ಅನ್ನಬೇಡಿ.

ಮೊದಲು ಅವರಿಗೆ ಇಷ್ಟವಿದೆಯಾ ಕೇಳಿ. ಕೆಲವರಿಗೆ ಯುದ್ಧ ನಡೆದ ಜಾಗಕ್ಕೆ ಮತ್ತೆ ಹೋಗುವುದು ಬೇಡ. ಬೇಡ ಅಂದರೆ ಅಲ್ಲಿಗೇ ಬಿಡಿ, ಕಾರಣ ಕೆದಕಬೇಡಿ. ಅಂಥವರಿಗೆ ರೆಜಿಮೆಂಟಿನ ಊರು ಇಷ್ಟವಾಗಬಹುದು. ತರಬೇತಿ ಪಡೆದ ಮೈದಾನ, ಮೊದಲ ಸಲ ಪರೇಡ್ ಮಾಡಿದ ಜಾಗ. ಮರಾಠಾದವರಿಗೆ ಬೆಳಗಾವಿ, ಎಂಇಜಿಯವರಿಗೆ ಬೆಂಗಳೂರಿನ ಹಲಸೂರು. ರೆಜಿಮೆಂಟಲ್ ಸೆಂಟರುಗಳಲ್ಲಿ ವಸ್ತುಸಂಗ್ರಹಾಲಯಗಳೂ ಇರುತ್ತವೆ. ಆದರೆ ಅವು ಸೇನೆಯ ಆವರಣದಲ್ಲಿರುವುದರಿಂದ ಹೊರಗಿನವರು ಮೊದಲೇ ಅನುಮತಿ ಕೇಳಬೇಕು. ಮಾಜಿ ಸೈನಿಕರೇ ತಮ್ಮ ಗುರುತಿನ ಚೀಟಿ ಹಿಡಿದು ಕೇಳಿದರೆ ಕೆಲಸ ಸುಲಭ.

ಏನು ಕೇಳಬೇಕು, ಏನು ಕೇಳಬಾರದು? 'ಎಷ್ಟು ಜನರನ್ನು ಕೊಂದಿರಿ?' ಅಂತ ಯಾವತ್ತೂ ಕೇಳಬೇಡಿ. ಮಕ್ಕಳು ಕೇಳೇ ಕೇಳುತ್ತವೆ, ಅವರಿಗೆ ಮೊದಲೇ ಹೇಳಿಡಿ. ಬದಲಿಗೆ ಸಣ್ಣ ವಿಷಯ ಕೇಳಿ. ಬಂಕರಿನಲ್ಲಿ ಊಟ ಏನಿತ್ತು? ಕಾಗದ ಬರಲು ಎಷ್ಟು ದಿನ ಹಿಡಿಯುತ್ತಿತ್ತು? ಮೊದಲ ಸಂಬಳ ಎಷ್ಟು? ಜೊತೆಗಿದ್ದವರಲ್ಲಿ ಯಾರು ಹೆಚ್ಚು ನಗಿಸುತ್ತಿದ್ದರು? ಹಿಂದಿ ಬಾರದೆ ಹೇಗೆ ಸಂಭಾಳಿಸಿದಿರಿ? ಈ ಕೊನೆಯ ಪ್ರಶ್ನೆಗೆ ಕನ್ನಡದ ಜವಾನರ ಹತ್ತಿರ ಒಂದಕ್ಕಿಂತ ಒಂದು ಚೆನ್ನಾದ ಕತೆಗಳಿರುತ್ತವೆ.

ಇನ್ನೊಂದು ವಿಷಯ. ಸೈನ್ಯದಲ್ಲಿದ್ದ ಎಲ್ಲರೂ ಗುಂಡು ಹಾರಿಸಿದವರಲ್ಲ. ಲಾರಿ ಓಡಿಸಿದವರು, ಅಡುಗೆ ಮಾಡಿದವರು, ವೈರ್‌ಲೆಸ್ ಕೂತು ಕೇಳಿದವರು, ಸೇತುವೆ ಕಟ್ಟಿದವರು, ಗಾಯಾಳುಗಳನ್ನು ಹೊತ್ತವರು ಎಲ್ಲರೂ ಸೈನಿಕರೇ. 'ಓ, ನೀವು ಫೈಟಿಂಗ್‌ನಲ್ಲಿ ಇರಲಿಲ್ವಾ?' ಅನ್ನುವ ಒಂದು ಮಾತಿಗೆ ಅವರು ಆ ದಿನವೆಲ್ಲ ಬಾಯಿ ಮುಚ್ಚಿಬಿಡಬಹುದು.

ಪದಕಗಳನ್ನು ಹಾಕಿಕೊಂಡು ಬನ್ನಿ ಅಂತ ನೀವೇ ಹೇಳಿ. ಕೇಳದೆ ಹಾಕಿಕೊಳ್ಳಲು ಎಷ್ಟೋ ಜನ ಸಂಕೋಚ ಪಡುತ್ತಾರೆ. ಕರೆಯುವಾಗ ಅವರ ಹುದ್ದೆ ಸೇರಿಸಿ ಕರೆಯಿರಿ, ಹವಾಲ್ದಾರ್ ಸಾಹೇಬ್ರೇ, ಸುಬೇದಾರ್ ಸಾಹೇಬ್ರೇ ಅಂತ. ಸ್ಮಾರಕದಲ್ಲಿ ಕಾವಲಿರುವ ಜವಾನರಿಗೆ 'ಇವರು ಇಂಥ ಯೂನಿಟ್‌ನವರು' ಅಂತ ಪರಿಚಯ ಮಾಡಿಕೊಡಿ. ಆಮೇಲೆ ಸ್ವಲ್ಪ ದೂರ ಸರಿದು ನಿಲ್ಲಿ. ಅವರವರಲ್ಲಿ ಆಡುವ ಮಾತು ಬೇರೆ.

ವ್ಯವಸ್ಥೆಯ ಕಡೆಯೂ ಗಮನವಿರಲಿ. ಕೂರಲು ಜಾಗ, ಶೌಚಾಲಯ, ಮೆಟ್ಟಿಲೆಷ್ಟು, ನೆರಳಿದೆಯಾ ಎಲ್ಲಾ ಮೊದಲೇ ತಿಳಿದುಕೊಳ್ಳಿ. ದೆಹಲಿಯ ಸ್ಮಾರಕ ವಿಶಾಲವಾದದ್ದು, ಬೇಸಿಗೆಯ ಮಧ್ಯಾಹ್ನ ಕಲ್ಲು ಕಾದಿರುತ್ತದೆ. ದಿನಕ್ಕೆ ಒಂದೇ ಜಾಗ ಸಾಕು.

ಆರನೇ ಹಂತ: ಅಲ್ಲಿ ತಲುಪಿದ ಮೇಲೆ

ಮೊದಲು ಮೊಬೈಲ್ ಸೈಲೆಂಟ್ ಮಾಡಿ. ಹೆಸರು ಹುಡುಕಿ. ಸಿಕ್ಕ ಮೇಲೆ ಒಮ್ಮೆ ಜೋರಾಗಿ ಓದಿ: ನಂಬರು, ಹುದ್ದೆ, ಹೆಸರು, ಯೂನಿಟ್. ಪಕ್ಕದಲ್ಲಿರುವ ಎರಡು ಹೆಸರುಗಳನ್ನೂ ಓದಿ. ಕೈಮುಗಿಯಿರಿ ಅಥವಾ ನೆಟ್ಟಗೆ ನಿಂತು ಒಂದೆರಡು ನಿಮಿಷ ಮೌನವಾಗಿರಿ. ಸೆಲ್ಯೂಟ್ ಸಮವಸ್ತ್ರದವರ ರೀತಿ. ಜೊತೆಗೆ ಬಂದ ಮಾಜಿ ಸೈನಿಕರು ಹೊಡೆದರೆ ಅದು ಅವರಿಗೆ ಸಲ್ಲುವಂಥದ್ದು, ನಾವು ಅನುಕರಿಸಬೇಕಿಲ್ಲ.

ಹೂವು ಇಡುವ ಜಾಗ ಎಲ್ಲಿ ಅಂತ ಕಾವಲಿನವರನ್ನು ಕೇಳಿ ಇಡಿ. ಹೆಸರಿನ ಕಲ್ಲಿಗೆ ಕುಂಕುಮ, ಎಣ್ಣೆ ಹಚ್ಚಬೇಡಿ, ಕಲೆ ಹೋಗುವುದಿಲ್ಲ. ಟ್ಯಾಂಕು, ಫಿರಂಗಿಗಳ ಮೇಲೆ ಮಕ್ಕಳನ್ನು ಹತ್ತಿಸಬೇಡಿ. ಬ್ಯೂಗಲ್‌ನಲ್ಲಿ 'ಲಾಸ್ಟ್ ಪೋಸ್ಟ್' (ಸತ್ತ ಸೈನಿಕರ ಗೌರವಕ್ಕೆ ನುಡಿಸುವ ರಾಗ) ಊದಿದರೆ ಎಲ್ಲಿದ್ದೀರೋ ಅಲ್ಲೇ ನಿಲ್ಲಿ, ನಡೆಯುತ್ತಾ ಇರಬೇಡಿ, ವಿಡಿಯೊ ಮಾಡಲು ಮುಂದೆ ನುಗ್ಗಬೇಡಿ.

ಫೋಟೊ ತೆಗೆಯಬಾರದಾ? ತೆಗೆಯಿರಿ, ಆದರೆ ಹೆಸರಿನದ್ದು ಮೊದಲು, ನಿಮ್ಮದು ಆಮೇಲೆ. ಕುಟುಂಬದವರು ಯಾರಾದರೂ ಗೋಡೆಯ ಮುಂದೆ ಅಳುತ್ತಿದ್ದರೆ ಕ್ಯಾಮೆರಾ ಕೆಳಗಿಡಿ. ಗಡಿಯ ಜಾಗಗಳಲ್ಲಿ ಬಂಕರು, ಚೆಕ್‌ಪೋಸ್ಟು, ಸೇನೆಯ ವಾಹನಗಳ ಫೋಟೊ ಬೇಡವೇ ಬೇಡ.

ಸಂದರ್ಶಕರ ಪುಸ್ತಕವಿದ್ದರೆ ಕನ್ನಡದಲ್ಲಿ ಬರೆಯಿರಿ. 'ಜೈ ಹಿಂದ್' ಎಲ್ಲರೂ ಬರೆದಿರುತ್ತಾರೆ. ನೀವು ಯಾವ ಹೆಸರು ಹುಡುಕಿಕೊಂಡು ಬಂದಿರಿ, ಯಾವ ಊರಿನಿಂದ ಬಂದಿರಿ ಅಂತ ಬರೆದರೆ, ಮುಂದೆ ಅದೇ ಹೆಸರು ಹುಡುಕಿ ಬಂದವರಿಗೆ ಅದು ಸಿಗುತ್ತದೆ.

ಮಕ್ಕಳಿದ್ದರೆ ಒಂದು ಕೆಲಸ ವಹಿಸಿ: ಗೋಡೆಯ ಮೇಲೆ ತಮ್ಮದೇ ಹೆಸರಿನ ಸೈನಿಕರನ್ನು ಹುಡುಕುವುದು. ಭಾಷಣಕ್ಕಿಂತ ಇದು ಕೆಲಸ ಮಾಡುತ್ತದೆ.

ಏಳನೇ ಹಂತ: ಊರಿನ ಸಣ್ಣ ಸ್ಮಾರಕಗಳು

ದೂರ ಹೋಗಲಾಗದವರು ಬೇಜಾರು ಮಾಡಿಕೊಳ್ಳಬೇಡಿ. ಸತ್ತ ಯೋಧನಿಗೆ ಕಲ್ಲು ನಿಲ್ಲಿಸುವುದು ನಮ್ಮ ನಾಡಿನಲ್ಲಿ ಸಾವಿರ ವರ್ಷಕ್ಕೂ ಹಳೆಯ ಪದ್ಧತಿ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಶಿವಲಿಂಗದ ಎದುರು ಕೂತಿರುವುದು. ಕೆಳಗಿನಿಂದ ಮೇಲಕ್ಕೆ ಓದಬೇಕು. 'ಬೆಂಗಳೂರು' ಎಂಬ ಹೆಸರು ನಮಗೆ ಮೊದಲು ಸಿಕ್ಕಿದ್ದೇ ಬೇಗೂರಿನ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 900ರ ಕಾಲದ ಒಂದು ವೀರಗಲ್ಲಿನ ಶಾಸನದಲ್ಲಿ. ಬೆಂಗಳೂರಿನ ಕಾಳಗದಲ್ಲಿ ಸತ್ತವನ ಕಲ್ಲು ಅದು.

ನಿಮ್ಮೂರಿನ ಕೆರೆ ಏರಿಯ ಮೇಲೋ ಗುಡಿಯ ಹಿಂದೆಯೋ ಇಂಥದ್ದೊಂದು ಇರಬಹುದು. ಬಸ್ ಸ್ಟ್ಯಾಂಡಿನ ಹತ್ತಿರ, ಶಾಲೆಯ ಆವರಣದಲ್ಲಿ ಈ ಕಾಲದ ಹುತಾತ್ಮರೊಬ್ಬರ ಪ್ರತಿಮೆಯೋ, ಅವರ ಹೆಸರಿನ ವೃತ್ತವೋ ಇರಬಹುದು. ಅಲ್ಲಿ ಮಾಡುವ ಕೆಲಸ ಜಾಸ್ತಿ. ಸುತ್ತ ಬೆಳೆದ ಗಿಡಗಂಟಿ ತೆಗೆಯಿರಿ. ಮೇಲೆ ಅಂಟಿಸಿದ ಪೋಸ್ಟರ್ ಕಿತ್ತುಹಾಕಿ. ಹಳೆಯ ಶಾಸನದ ಕಲ್ಲಾದರೆ ನೀರು, ಮೆತ್ತನೆ ಬ್ರಷ್ ಬಿಟ್ಟು ಬೇರೆ ಏನೂ ಬಳಸಬೇಡಿ. ಆಸಿಡ್, ಸುಣ್ಣ, ಬಣ್ಣ ಖಂಡಿತಾ ಬೇಡ. ಅಕ್ಷರ ಕಾಣಲಿ ಅಂತ ಪೇಂಟ್ ತುಂಬುವುದೂ ಬೇಡ. ಪ್ರತಿಮೆಯ ಕೆಳಗೆ ಹೆಸರು ಅಳಿಸಿದ್ದರೆ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಕೊಡಿ. ಊರಿನ ಮಾಜಿ ಸೈನಿಕರ ಸಂಘದವರ ಸಹಿ ಜೊತೆಗಿದ್ದರೆ ಬೇಗ ಓಡುತ್ತದೆ.

ಎಂಟನೇ ಹಂತ: ವಾಪಸ್ ಬಂದ ಮೇಲೆ

ಜೊತೆಗೆ ಬಂದ ಹಿರಿಯರು ಹೇಳಿದ್ದನ್ನು ಆ ವಾರದಲ್ಲೇ ಬರೆದಿಡಿ. ಅವರು ಒಪ್ಪಿದರೆ ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿಕೊಳ್ಳಿ. ಹಳೆಯ ಫೋಟೊಗಳ ಹಿಂದೆ ಯಾರು, ಎಲ್ಲಿ, ಯಾವ ವರ್ಷ ಅಂತ ಅವರ ಬಾಯಿಂದಲೇ ಕೇಳಿ ಪೆನ್ಸಿಲ್‌ನಲ್ಲಿ ಬರೆಯಿರಿ. ಇವೆಲ್ಲದರ ಒಂದು ಪ್ರತಿ ಅವರ ಮಕ್ಕಳಿಗೂ ಕೊಡಿ. ಮನೆಯವರಿಗೇ ಹೇಳದ ಮಾತುಗಳನ್ನು ಅವರು ನಿಮಗೆ ಹೇಳಿರಬಹುದು. ಅಂಥದ್ದನ್ನು ಅವರನ್ನು ಕೇಳದೆ ಯಾರಿಗೂ ತೋರಿಸಬೇಡಿ, ಫೇಸ್‌ಬುಕ್ಕಿಗಂತೂ ಹಾಕಲೇಬೇಡಿ.

ನೀವು ಹುಡುಕಿಕೊಂಡು ಹೋದ ಹೆಸರಿನವರ ಕುಟುಂಬ ಗೊತ್ತಿದ್ದರೆ ಆ ಕಲ್ಲಿನ ಸ್ಪಷ್ಟವಾದ ಫೋಟೊ ಒಂದನ್ನು ಪ್ರಿಂಟ್ ಹಾಕಿಸಿ ತಲುಪಿಸಿ. ಕೊಹಿಮಾಗೋ ದೆಹಲಿಗೋ ಹೋಗಿ ತಮ್ಮವರ ಹೆಸರು ನೋಡುವ ಅವಕಾಶ ಎಲ್ಲ ಮನೆಯವರಿಗೂ ಸಿಕ್ಕಿರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಕೈತೊಳೆದುಕೊಳ್ಳಬೇಡಿ, ಸಾಧ್ಯವಾದರೆ ಮನೆಗೇ ಹೋಗಿ ಕೊಡಿ. ಹೋಗುವ ಮೊದಲು ಫೋನ್ ಮಾಡಿ. ಕೆಲವು ಮನೆಗಳಲ್ಲಿ ತಾಯಿ ಇನ್ನೂ ಇರುತ್ತಾರೆ, ಅವರ ಮುಂದೆ ಆ ಫೋಟೊ ತೆಗೆಯಬೇಕೋ ಬೇಡವೋ ಅನ್ನುವುದನ್ನು ಮನೆಯವರೇ ಹೇಳಲಿ.

ದುಡ್ಡು ಕೊಡುವ ಮನಸ್ಸಿದ್ದರೆ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಗೆ ಕೊಡಬಹುದು. 1949ರಿಂದ ಡಿಸೆಂಬರ್ 7ರಂದು ಧ್ವಜ ದಿನ ಆಚರಿಸುತ್ತಿದ್ದಾರೆ. ಹುತಾತ್ಮರ ಕುಟುಂಬ, ಅಂಗವಿಕಲ ಸೈನಿಕರು, ಕಷ್ಟದಲ್ಲಿರುವ ಮಾಜಿ ಸೈನಿಕರಿಗೆ ಆ ಹಣ ಹೋಗುತ್ತದೆ. ಹಣವನ್ನು ಕೇಂದ್ರೀಯ ಸೈನಿಕ ಮಂಡಳಿಯ ವೆಬ್‌ಸೈಟ್ ಮೂಲಕವೋ ಜಿಲ್ಲಾ ಕಚೇರಿಯಲ್ಲೋ ಕಟ್ಟಿ ರಸೀದಿ ಪಡೆಯಿರಿ. ಸೈನಿಕರ ಹೆಸರು ಹೇಳಿಕೊಂಡು ಫೋನಿನಲ್ಲಿ ದುಡ್ಡು ಕೇಳುವ ಮೋಸಗಾರರೂ ಇದ್ದಾರೆ, ಅಂಥ ಕರೆ ಬಂದರೆ ಇಟ್ಟುಬಿಡಿ.